ನಲವತ್ತೆರಡು ಸದ್ದು

ಧರ್ಮಪ್ಪನ ಕಿವಿಯ ಮೇಲೆ ಭದ್ರಾವತಿ ಸುತ್ತಿನ ಕಲ್ಲುಗಣಿಯವರಿಗೆಲ್ಲ ಭಾರೀ ಭರವಸೆ. ಮೂವತ್ತು ವರ್ಷ ಬಂಡೆಯ ತೂತುಗಳಿಗೆ ಮದ್ದು ತುಂಬಿ, ಒಂದೊಂದೇ ಬತ್ತಿಗೆ ಬೆಂಕಿ ಮುಟ್ಟಿಸಿ, ದೂರ ನಿಂತು ಸದ್ದು ಎಣಿಸಿದವನು. ಹನ್ನೆರಡು ತೂತಿಗೆ ಹನ್ನೊಂದೇ ಸದ್ದು ಬಂದರೆ ಅರ್ಧ ಗಂಟೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮಾಲೀಕನೇ ಬಂದರೂ ಬೈದು ಕಳಿಸುತ್ತಾನೆ ಎಂದು ಜನ ಆಡಿಕೊಂಡರೆ ಅವನಿಗೆ ಒಳಗೊಳಗೇ ಖುಷಿ.

2003ರಲ್ಲಿ ಕಾಲುವೆಗಾಗಿ ಗುಡ್ಡ ಕೊರೆಯುವ ಸುರಂಗಕ್ಕೆ ಅವನನ್ನು ಕರೆದದ್ದೂ ಆ ಹೆಸರು ಕೇಳಿಯೇ. ಅಲ್ಲಿ ಎಲ್ಲವೂ ಹೊಸದು. ಎರಡು ಕೈಗಳ ಯಂತ್ರವೊಂದು ಬೆಳಿಗ್ಗೆ ಶುರುಮಾಡಿ ಊಟದ ಹೊತ್ತಿಗೆ ನಲವತ್ತೆರಡು ತೂತು ಕೊರೆದು ಮುಗಿಸುತ್ತಿತ್ತು. ಅದನ್ನು ನಡೆಸುವವನು ಭೀಮೇಶ್, ಧರ್ಮಪ್ಪನ ಅಕ್ಕನ ಮಗ, ಮಗಳು ಸಮತಾಳ ಗಂಡ. ಬತ್ತಿಯ ಜಾಗದಲ್ಲಿ ಪ್ರತಿ ತೂತಿನ ಮದ್ದಿಗೂ ಕಿಡಿ ಒಯ್ಯುವ ಹಳದಿ ಪ್ಲಾಸ್ಟಿಕ್ ಕೊಳವೆ. ಗುಂಡಿ ಒತ್ತಿದರೆ ಎಲ್ಲವೂ ಕೂಡಿ ಒಂದೇ ಗುಡುಗು.

"ಇದನ್ನ ಎಣಿಸೋಕಾಗಲ್ಲ ಧರ್ಮಪ್ಪ. ಸಿಡಿದ ಮೇಲೆ ಬಂಡೆಯಲ್ಲಿ ಉಳಿಯೋ ಪ್ರತಿ ತೂತಿನ ಬುಡವನ್ನೂ ತೊಳೆದು, ಮದ್ದು ಉಳಿದಿದೆಯಾ ನೋಡಿ," ಎಂದಿದ್ದರು ಇಂಜಿನಿಯರ್ ವಿಜಯಕುಮಾರ್. ಧರ್ಮಪ್ಪ ತಲೆಯಾಡಿಸಿದ್ದ. ಮನಸ್ಸಿನಲ್ಲಿ ಮಾತ್ರ, ನಿನ್ನೆ ಮೊನ್ನೆ ಬಂದವನು ನನಗೆ ಹೇಳಿಕೊಡುತ್ತಾನಲ್ಲ ಎಂದು ಉರಿದುಕೊಂಡಿದ್ದ.

ಆ ದಿನ ಇಂಜಿನಿಯರ್ ಮೀಟಿಂಗಿಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಮದ್ದು ಸಿಡಿಯಿತು. ಕೆಲಸದವರೆಲ್ಲ ರೂಢಿಯಂತೆ ಧರ್ಮಪ್ಪನ ಮುಖ ನೋಡಿದರು.

"ಎಲ್ಲಾ ಆಯ್ತಾ ಮಾವ?" ಎಂದ ಭೀಮೇಶ್.

"ನಲವತ್ತೆರಡೂ ಸರಿಯಾಗಿದೆ," ಎಂದುಬಿಟ್ಟ ಧರ್ಮಪ್ಪ. ಅಷ್ಟು ಜನರ ಮುಂದೆ ಗೊತ್ತಾಗಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಹೊಗೆ ಹೋಯಿತು, ಒಡೆದ ಕಲ್ಲು ಲಾರಿ ಹತ್ತಿತು. ಮುಂದಿನ ಸುತ್ತಿನ ತೂತು ಕೊರೆಯಲು ಯಂತ್ರ ಒಳಗೆ ಹೊರಟಿತು. ಧರ್ಮಪ್ಪ ಚಹಾದ ಲೋಟ ಹಿಡಿದು ಹೊರಗೆ ಕುಳಿತ. ಈಗ ಕರೆದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಕರೆಯದಿದ್ದರೆ? ಸಿಡಿಯದೆ ಉಳಿದ ಮದ್ದಿಗೆ ಡ್ರಿಲ್ ತಾಗಿದರೆ ಭೀಮೇಶನ ಗುರುತೂ ಸಿಗುವುದಿಲ್ಲ. ಏನೂ ಇರಲಾರದು, ಏನೂ ಇರಲಾರದು ಎಂದುಕೊಂಡ. ಒಳಗಿನಿಂದ ಯಂತ್ರದ ಮೊರೆತ ಕೇಳಿಸಿತು. ಲೋಟ ಬಿಸಾಕಿ ಓಡಿದ.

ಸುರಂಗದ ಕೊನೆ ಮುಟ್ಟುವ ಹೊತ್ತಿಗೆ ಎದೆ ಒಡೆದುಹೋಗುವಂತಿತ್ತು. ಡ್ರಿಲ್ಲಿನ ತುದಿ ಬಂಡೆಗೆ ಗೇಣು ದೂರದಲ್ಲಿತ್ತು.

"ನಿಲ್ಸು ಭೀಮೇಶ. ನಾನು ಎಣಿಸ್ಲಿಲ್ಲ ಕಣೋ. ಎಣಿಸೋಕೆ ಆಗ್ಲಿಲ್ಲ. ಸುಳ್ಳು ಹೇಳ್ದೆ."

ಯಂತ್ರ ನಿಂತಿತು. ಜೊತೆಗಿದ್ದ ಐದಾರು ಜನ ನೆಲ ನೋಡಿದರು. ಭೀಮೇಶ್ ಇಳಿದು ಪೈಪಿನ ನೀರು ಬಿಟ್ಟು ಒಂದೊಂದೇ ತೂತು ತೊಳೆಯತೊಡಗಿದ. ಕೆಳಗಿನ ಸಾಲಿನಲ್ಲಿ, ಡ್ರಿಲ್ ಇಳಿಯಬೇಕಿದ್ದ ಜಾಗದ ಪಕ್ಕದಲ್ಲೇ, ಕೆಸರು ಕರಗಿ ಹಳದಿ ಕೊಳವೆಯ ತುದಿ, ಅದರ ಹಿಂದೆ ಸಿಡಿಯದ ಮದ್ದು ಕಂಡಿತು.

ಎಲ್ಲರೂ ಹಿಂದೆ ಸರಿದರು. ಸುರಂಗದ ಬಾಯಿಗೆ ಬಂದ ಮೇಲೆಯೇ ಭೀಮೇಶ್ ಮಾತಾಡಿದ್ದು.

"ಎಣಿಸೋಕಾಗಲ್ಲ ಅಂತ ನನಗೂ ಗೊತ್ತಿತ್ತು ಮಾವ. ತೊಳೆದು ನೋಡೋಣ ಅಂತಾನೇ ಹೊರಟಿದ್ದೆ. ನೀವು ಸರಿಯಾಗಿದೆ ಅಂದ್ರಲ್ಲ, ಆಮೇಲೂ ನೋಡಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಬಿಟ್ಟೆ."