ಕೈಯ ಅಚ್ಚು

ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಹಿಟ್ಟಿನ ಉಂಡೆ ಜೇಬಿನೊಳಗೆ ಬೆಚ್ಚಗಾಗುತ್ತಿತ್ತು. ಅವನು ಬೆಳಿಗ್ಗೆಯಿಂದ ಎರಡು ಸಲ ಮೇಸ್ತ್ರಿಯ ಮುಂದೆ ಹೋಗಿ ನಿಂತು, ಕೇಬಲ್ಲಿನ ಉದ್ದದ ಬಗ್ಗೆ ಏನೋ ಕೇಳಿ ವಾಪಸು ಬಂದಿದ್ದ. ಮೂರನೆಯ ಸಲ ಮೇಸ್ತ್ರಿಯೇ ಕನ್ನಡಕದ ಮೇಲಿನಿಂದ ನೋಡಿದರು.

"ಏನಯ್ಯಾ, ಸುತ್ತಮುತ್ತ ಸುಳೀತಾನೇ ಇದ್ದೀಯ? ರಜಾ ಬೇಕಾ?"

"ಇಲ್ಲ ಮೇಸ್ತ್ರಿ. ಸುಮ್ಮನೆ ಬಂದೆ."

"ಸುಮ್ಮನೆ ಬರೋಕೆ ಇದೇನು ನಿಮ್ಮ ಮಾವನ ಮನೇನಾ? ಹೋಗು, ಕೆಲಸ ನೋಡು."

ಹೆಂಡತಿ ಹೇಳಿ ಕಳಿಸಿದ್ದು ಸುಲಭದ ಮಾತಾಗಿತ್ತು. "ಒಂದೇ ಸಲ ಗಟ್ಟಿಯಾಗಿ ಹಿಡಿದು ಬಿಡೋಕೆ ಹೇಳಿ. ಯಾಕೆ ಅಂತ ಕೇಳಿದ್ರೆ ಏನಾದ್ರೂ ಸುಳ್ಳು ಹೇಳಿ. ಅವರ ಕೈ ಕಾಣದೆ ನಾನು ಚಾಕೂಗೆ ಹಿಡಿ ಮಾಡೋದು ಹೇಗೆ?" ಆದರೆ ನಾಲ್ಕು ಜನರ ಎದುರು ಹಿರಿಯರ ಕೈಗೆ ಹಿಟ್ಟಿನ ಉಂಡೆ ಕೊಡುವುದು ಹೇಗೆ? ಪಕ್ಕದಲ್ಲೇ ಪಿಟೀಲು ಇದ್ದ. ಕುಯ್ಯಲು ಶುರುಮಾಡಿದರೆ ನಿಲ್ಲಿಸದವನೆಂದು ಡಿಪೋದವರೇ ಅವನಿಗೆ ಆ ಹೆಸರಿಟ್ಟಿದ್ದರು. ಅವನ ಕಣ್ಣಿಗೆ ಈ ಉಂಡೆ ಬಿದ್ದರೆ ವರ್ಷವಿಡೀ ಸಾಕಾಗುವಷ್ಟು ಸರಕು.

ಊಟದ ಗಂಟೆ ಹೊಡೆಯಿತು. ಅವನು ಕೇಬಲ್ ಡ್ರಮ್ಮುಗಳ ಹಿಂದೆ ಹೋಗಿ ಬಟ್ಟೆ ಬಿಚ್ಚಿದ. ಕೈ ಅಂದರೆ ಕೈ, ಎಲ್ಲರಿಗೂ ಇರುವುದು ಐದೇ ಬೆರಳು ಎಂದುಕೊಂಡು ತಾನೇ ಉಂಡೆಯನ್ನು ಗಟ್ಟಿಯಾಗಿ ಹಿಂಡಿದ. ಅಚ್ಚು ಚೆನ್ನಾಗಿ ಮೂಡಿತ್ತು.

ಇದೆಲ್ಲ ಶುರುವಾದದ್ದು ಅವನದೇ ಚಾಕುವಿನಿಂದ. ಕೇಬಲ್ಲಿನ ರಬ್ಬರು ಸೀಳಲು ಡಿಪೋದಲ್ಲಿ ಎಲ್ಲರಿಗೂ ಒಂದೇ ಥರದ ಮಡಚುವ ಚಾಕು ಕೊಡುತ್ತಿದ್ದರು. ಪ್ಲಾಸ್ಟಿಕ್ ಹಿಡಿ, ಬೆವರಿದ ಕೈಯಲ್ಲಿ ಮೀನಿನಂತೆ ಜಾರುತ್ತಿತ್ತು. ಒಂದು ದಿನ ಜಾರಿ ಹೆಬ್ಬೆರಳು ಸೀಳಿಕೊಂಡು ಬಂದಾಗ ಹೆಂಡತಿ ಗಾಯಕ್ಕೆ ಪಟ್ಟಿ ಕಟ್ಟಿದಳು. ಆಮೇಲೆ ಚಾಕುವಿನ ಪ್ಲಾಸ್ಟಿಕ್ ಕಿತ್ತು ಬಿಸಾಡಿ, ಮುರಿದ ಮಂಚದ ಬೀಟೆ ಕಾಲನ್ನು ಕುಯ್ದು ಹೊಸ ಹಿಡಿ ಕೂರಿಸಿದಳು. ಅವಳಪ್ಪ ಬಡಗಿಗಳ ಉಳಿಗೆ, ಬಾಚಿಗೆ ಹಿಡಿ ಹಾಕಿ ಬದುಕಿದವನು. ಅವಳು ಮರದ ಪುಡಿಯಲ್ಲೇ ಆಡಿ ಬೆಳೆದವಳು.

ಆ ಚಾಕು ಡಿಪೋದಲ್ಲಿ ಕೈಯಿಂದ ಕೈಗೆ ಹೋಯಿತು. "ಯಾರು ಮಾಡಿದ್ದು ಗುರು?" ಎಂದು ಪಿಟೀಲು ಕೇಳಿದಾಗ ಅವನು "ನಾನೇ" ಎಂದ. ಆ ಮಾತು ಯಾಕೆ ಬಾಯಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಅಂದಿನಿಂದ ಅವನ ಹೆಸರು ಕಲಾವಿದ ಎಂದಾಯಿತು. ಮೊದಮೊದಲು ಕಸಿವಿಸಿಯಾಗುತ್ತಿತ್ತು, ಆಮೇಲೆ ಕೇಳಿದವರಿಗೆ ಯಾವ ಉಪ್ಪುಕಾಗದ ಮೊದಲು, ಯಾವುದು ಕೊನೆಗೆ ಎಂದು ವಿವರಿಸತೊಡಗಿದ. ಮನೆಯಲ್ಲಿ ಅವಳು ಮಾಡುವುದನ್ನು ನೋಡುತ್ತಿದ್ದ, ಡಿಪೋದಲ್ಲಿ ಹೇಳುತ್ತಿದ್ದ. ಮೇಸ್ತ್ರಿ ನಿವೃತ್ತರಾಗುವಾಗ ಒಳ್ಳೆಯ ಉಕ್ಕಿನ ಚಾಕು ತಂದು, ಕಲಾವಿದನ ಕೈಯಲ್ಲಿ ಹಿಡಿ ಮಾಡಿಸಿ ಕೊಡೋಣವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ್ದು ಬೇರೆ. "ನೋಡು, ನಿನ್ನ ಕೈಯಲ್ಲೇ ಆಗ್ಬೇಕಂತೆ."

ಅವಳು ಅಂದು ರಾತ್ರಿ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಹಿಟ್ಟಿನ ಉಂಡೆ ಒಣಗಿ ಗಟ್ಟಿಯಾಯಿತು. ಅವಳು ಅದನ್ನು ಕಿಟಕಿಯ ಮೇಲಿಟ್ಟುಕೊಂಡು, ನೋಡಿ ನೋಡಿ ಅರ ಹಾಕಿದಳು. ಬೆರಳುಗಳಿಗೆ ಒಂದು ಪಕ್ಕ ತಗ್ಗು, ಹೆಬ್ಬೆರಳಿಗೆ ಇನ್ನೊಂದು ಪಕ್ಕ ಗುಳಿ. ಎಣ್ಣೆ ಕುಡಿದ ಬೀಟೆ ಕಪ್ಪಗೆ ಹೊಳೆಯಿತು.

"ಹಿಡಿದು ನೋಡಿ," ಎಂದಳು.

ಅವನು ಹಿಡಿದ. ಅಂಗೈಯಲ್ಲೇ ಹುಟ್ಟಿ ಬೆಳೆದಂತೆ ಕೂತಿತು. "ಆಹಾ, ಏನು ಕೂತಿದೆಯೇ!" ಎಂದ. ಅವಳು ಅವನ ಕೈಯನ್ನೇ ನೋಡುತ್ತ ಒಂದು ಗಳಿಗೆ ನಿಂತಳು.

ಬೀಳ್ಕೊಡುಗೆಗೆ ಡಿಪೋದ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಮನೆಯವರನ್ನೂ ಕರೆತರಬೇಕೆಂದು ಕಟ್ಟಪ್ಪಣೆಯಾಗಿತ್ತು. ಅವಳು ಮದುವೆಮುಂಜಿಗೆ ಮಾತ್ರ ತೆಗೆಯುವ ಸೀರೆ ಉಟ್ಟು ಬಂದಿದ್ದಳು. ದಾರಿಯುದ್ದಕ್ಕೂ ಉಗುರಿನ ಸಂದಿಯಲ್ಲಿದ್ದ ಎಣ್ಣೆಯ ಕಪ್ಪನ್ನು ಕೆರೆಯುತ್ತಿದ್ದಳು. ಏನಾದರೂ ನೆಪ ಹೇಳಿ ಅವಳನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದು ಅವನು ಯೋಚಿಸಿದ್ದ. ನೆಪ ಹೊಳೆದಿರಲಿಲ್ಲ.

ಪಿಟೀಲು ಚಾಕುವಿನ ಡಬ್ಬಿಯನ್ನು ಎತ್ತಿ ಹಿಡಿದು ಕೂಗಿದ. "ಇದು ಅಂಗಡಿ ಮಾಲಲ್ಲ ಮೇಸ್ತ್ರಿ! ನಮ್ಮ ಕಲಾವಿದ ನಿದ್ದೆಗೆಟ್ಟು ಕೈಯಾರೆ ಮಾಡಿದ್ದು!"

ಚಪ್ಪಾಳೆ. ಅವನು ಹೆಂಡತಿ ಕೂತ ಕಡೆ ನೋಡಲಿಲ್ಲ.

ಮೇಸ್ತ್ರಿ ಡಬ್ಬಿ ತೆರೆದು ಚಾಕುವನ್ನು ಎಡಗೈಯಲ್ಲಿ ತೆಗೆದುಕೊಂಡರು. ಕೇಬಲ್ ಸೀಳುವಾಗ, ಸಹಿ ಹಾಕುವಾಗ, ಬೈಯುತ್ತ ಬೆರಳು ತೋರಿಸುವಾಗ ಅವನು ವರ್ಷಗಟ್ಟಲೆ ಕಂಡಿದ್ದ ಎಡಗೈ. ಈಗ ಮೊದಲ ಸಲ ಕಂಡಂತೆ ನೋಡಿದ.

ಮೇಸ್ತ್ರಿಯ ಹೆಬ್ಬೆರಳು ಜಾಗ ಹುಡುಕಿತು. ಸಿಗಲಿಲ್ಲ. ಬೆರಳುಗಳು ತಗ್ಗು ಬಿಟ್ಟು ದಿಣ್ಣೆಯ ಮೇಲೆ ಕೂತವು. ಅವರು ಚಾಕುವನ್ನು ತಿರುಗಿಸಿದರು, ಬಲಗೈಗೆ ದಾಟಿಸಿದರು. ಆ ಅಗಲವಾದ ಕೈಯಲ್ಲಿ ಅದು ಮಕ್ಕಳ ಆಟಿಕೆಯಂತೆ ಕಂಡಿತು. "ಚೆನ್ನಾಗಿದೆಯಪ್ಪ," ಎಂದರು ಮೆಲ್ಲಗೆ. "ಗಾಜಿನ ಬೀರುವಲ್ಲಿ ಇಡ್ತೀನಿ."

ಪಿಟೀಲು ಬಿಡಲಿಲ್ಲ. "ಥೂ ನಿನ್ನ! ಇಷ್ಟು ವರ್ಷ ಆ ಎಡಗೈಯಲ್ಲಿ ತಲೆ ಮೇಲೆ ಮೊಟಕಿಸ್ಕೊಂಡು ಬಲಗೈಗೆ ಹಿಡಿ ಮಾಡಿದ್ಯಲ್ಲೋ! ಅದೂ ಎಳೆಮಗು ಕೈಗೆ!"

ಅಂಗಳವೆಲ್ಲ ನಕ್ಕಿತು.

"ನಾನಲ್ಲ," ಎಂದ ಅವನು. ಧ್ವನಿ ತಾನೆಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. "ನಾನು ಮಾಡಿದ್ದಲ್ಲ. ಇವಳು ಮಾಡಿದ್ದು. ನನ್ನ ಚಾಕೂನೂ ಇವಳದ್ದೇ ಕೆಲಸ."

ನಗು ಅರ್ಧಕ್ಕೇ ನಿಂತಿತು. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಮಡಿಲಲ್ಲಿದ್ದ ಚೀಲವನ್ನು ಕುರ್ಚಿಯ ಮೇಲಿಟ್ಟು ಅವಳು ಎದ್ದು ಬಂದಳು.

"ಇಲ್ಲಿ ಕೊಡಿ ಅಣ್ಣ." ಚಾಕು ತೆಗೆದುಕೊಂಡಳು. ಮೇಸ್ತ್ರಿಯ ಎಡಗೈಯನ್ನು ಬಿಡಿಸಿ, ತನ್ನ ಬೆರಳುಗಳಿಂದ ಅಂಗೈಯ ಅಗಲ ಅಳೆದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ತಪ್ಪು ನಂದೇ. ಯಾವ ಕೈ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಬೇರೆ ಮಾಡಿಕೊಡ್ತೀನಿ."

"ಅಯ್ಯೋ ಬಿಡು ತಾಯಿ," ಎಂದರು ಮೇಸ್ತ್ರಿ. "ನಮ್ಮ ಮನೆಯವಳೇ ಇವತ್ತಿಗೂ ನೀರಿನ ಲೋಟ ಬಲಗಡೆ ಇಡ್ತಾಳೆ."

ಎಲ್ಲರೂ ಹಗುರಾಗಿ ನಕ್ಕರು. ಅಚ್ಚು ನನ್ನ ಕೈಯದು ಎಂದು ಹೇಳಲು ಅದೇ ಸಮಯವಾಗಿತ್ತು. ಅವನು ಕುರ್ಚಿಗಳನ್ನು ಜೋಡಿಸತೊಡಗಿದ.

ದಾರಿಯಲ್ಲಿ ಪಿಟೀಲಿನ ಸ್ಕೂಟರು ಪಕ್ಕಕ್ಕೆ ಬಂತು. "ಅತ್ತಿಗೆ, ನನಗೂ ಒಂದು ಮಾಡಿಕೊಡಿ. ಈಗ್ಲೇ ಹೇಳಿಬಿಡ್ತೀನಿ, ನಂದು ಬಲಗೈ!"

"ಆಗ್ಲಿ," ಎಂದು ಅವಳು ನಕ್ಕಳು. ಸ್ಕೂಟರು ಮರೆಯಾದ ಮೇಲೆ ಆ ನಗು ಮುಖದಲ್ಲಿ ಉಳಿಯಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಸೀರೆ ಬದಲಾಯಿಸಿ, ಹಿತ್ತಿಲ ಮೆಟ್ಟಿಲ ಮೇಲೆ ಸುತ್ತಿಗೆ ಹಿಡಿದು ಕೂತಳು. ಅವನು ಬಾಗಿಲ ಬಳಿ ನಿಂತ.

"ಆ ಅಚ್ಚು..." ಎಂದ.

"ಗೊತ್ತು."

"ಅಲ್ಲೇ ಗೊತ್ತಾಯ್ತಾ?"

"ಮಾಡ್ತಾ ಇರುವಾಗ್ಲೇ ಅನ್ನಿಸ್ತಿತ್ತು, ಇದು ಎಲ್ಲೋ ಕಂಡ ಕೈ ಅಂತ. ನಿಮ್ಮ ಮೇಲೆ ಅನುಮಾನ ಪಡಬಾರದು ಅಂತ ಸುಮ್ಮನಾದೆ." ಅವಳು ಹೊಸ ಹಿಡಿಗೆಂದು ವಾಪಸು ತಂದಿದ್ದ ಮೇಸ್ತ್ರಿಯ ಚಾಕುವನ್ನು ಕಲ್ಲಿನ ಮೇಲಿಟ್ಟು, ಹಿಡಿಯ ಹಿತ್ತಾಳೆ ಮೊಳೆಯ ತಲೆಯನ್ನು ಅರದಿಂದ ಸವೆಸಿದಳು.

"ನಾಳೆ ಎಲ್ಲರಿಗೂ ಹೇಳ್ತೀನಿ."

"ಹೇಳಿ, ಇಲ್ಲಾ ಬಿಡಿ. ಮೊದಲು ಬಂದು ಇದನ್ನ ಹಿಡ್ಕೊಳ್ಳಿ, ಅಲುಗಾಡ್ತಾ ಇದೆ."

ಅವನು ಕೆಳಗಿನ ಮೆಟ್ಟಿಲಲ್ಲಿ ಕೂತು ಚಾಕುವನ್ನು ಒತ್ತಿ ಹಿಡಿದ. ಅವಳು ತಲೆ ಎತ್ತದೆ ಮೊಳೆಯ ಮೇಲೆ ಸಣ್ಣ ಸಣ್ಣ ಏಟು ಹಾಕಿದಳು. ಮೊಳೆಗಳು ಒಂದೊಂದಾಗಿ ಕೆಳಗಿಳಿದವು. ಮರದ ಹೋಳು ಸಡಿಲಾಗಿ ಅವನ ಅಂಗೈಗೆ ಬಿತ್ತು. ಬೀಳುತ್ತಲೇ ತನ್ನ ಜಾಗ ಹುಡುಕಿಕೊಂಡು ಕೂತಿತು. ಅವನು ಬೆರಳು ಮಡಿಸಲಿಲ್ಲ. ಅಂಗೈಯನ್ನು ಹಾಗೆಯೇ ಅಗಲ ಮಾಡಿಕೊಂಡು, ಅವಳು ಅದನ್ನು ಎತ್ತಿಕೊಳ್ಳಲೆಂದು ಕಾದ.