ಟಾನಿಕ್ಕಿನ ಕಬ್ಬಿಣ

ಅಪ್ಪನಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಎಡಗೈ ಸ್ವಾಧೀನ ತಪ್ಪಿದಾಗ ಅಕ್ಕ ಎದೆಗುಂದಲಿಲ್ಲ. ಹೊಲಿಗೆ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಯ ಓಡಾಟವನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡಳು. ಅವಳನ್ನು ಕುಗ್ಗಿಸಿದ್ದು ಕ್ಯಾಂಟೀನಿನಲ್ಲಿ ತಮ್ಮ ಆಡಿದ ಮಾತು. ಅವನು ಪ್ರಯೋಗಾಲಯದಲ್ಲಿ ಮೆದುಳಿನ ರಕ್ತಸ್ರಾವವನ್ನೇ ಅಧ್ಯಯನ ಮಾಡುವವನು.

"ಮೆದುಳಿನ ರಕ್ತನಾಳಗಳಿಗೆ ಒಂದು ಕಾವಲುಗೋಡೆ ಇರತ್ತೆ ಅಕ್ಕ. ಕಂಡದ್ದೆಲ್ಲ ಒಳಗೆ ನುಗ್ಗದ ಹಾಗೆ ತಡೆಯೋದು ಅದೇ. ಕಬ್ಬಿಣ ಜಾಸ್ತಿಯಾದ್ರೆ ಆ ಗೋಡೆಯ ಜೀವಕೋಶಗಳ ಕೊಬ್ಬಿನ ಪದರ ಕೆಟ್ಟು, ಅವು ಸಾಯ್ತವೆ. ಗೋಡೆ ಸೋರತ್ತೆ, ಮೆದುಳು ಊದಿಕೊಳ್ಳತ್ತೆ. ಅಪ್ಪನಿಗೂ ಹಾಗೇ ಆಗಿರಬೇಕು."

ಅಷ್ಟರಲ್ಲಿ ಫೋನ್ ಬಂದು ಅವನು ಎದ್ದುಹೋದ. ಅಕ್ಕನ ಮುಂದಿದ್ದ ಚಹಾ ಆರಿತು. ಅಪ್ಪನಿಗೆ ರಕ್ತ ಕಡಿಮೆಯೆಂದು ವೈದ್ಯರು ಬರೆದುಕೊಟ್ಟಿದ್ದ ಕಬ್ಬಿಣದ ಟಾನಿಕ್ಕನ್ನು, ಬೇಗ ಚೇತರಿಸಿಕೊಳ್ಳಲೆಂದು, ಒಂದು ಚಮಚದ ಜಾಗದಲ್ಲಿ ಎರಡು ಚಮಚ ಕೊಟ್ಟವಳು ಅವಳೇ.

ಅಪ್ಪ ಮನೆಗೆ ಬಂದ ಮೇಲೂ ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ತುತ್ತು ಕೊಡುವಾಗ ತಟ್ಟೆಯನ್ನೇ ನೋಡುತ್ತಿದ್ದಳು. ಹೊಲಿಗೆಗೆ ಕೂತರೆ ರವಿಕೆಯ ಬಲತೋಳು ಎಡಕ್ಕೆ ಸೇರುತ್ತಿತ್ತು.

"ಏನಾಗಿದೆ ನಿಂಗೆ?" ಎಂದು ತಮ್ಮ ಒಂದು ಸಂಜೆ ಕೇಳಿಯೇಬಿಟ್ಟ.

"ಅಪ್ಪನ್ನ ಈ ಗತಿಗೆ ತಂದವಳು ನಾನೇ ಕಣೋ!" ಎಂದವಳು ಟಾನಿಕ್ಕಿನ ಕಥೆಯನ್ನೆಲ್ಲ ಹೇಳಿಕೊಂಡು ಬಿಕ್ಕಿದಳು.

ತಮ್ಮ ತಲೆ ಚಚ್ಚಿಕೊಂಡ. "ಅಯ್ಯೋ, ಆ ಕಬ್ಬಿಣ ಅಲ್ಲ! ಬಿ.ಪಿ. ಏರಿ ನಾಳ ಒಡೀತು. ಚೆಲ್ಲಿದ ರಕ್ತ ಅಲ್ಲೇ ನಿಂತು, ಅದರೊಳಗಿನ ಕಬ್ಬಿಣ ಹೊರಗೆ ಬಂತು. ಗೋಡೆ ಕೆಡಿಸೋದು ಆ ಕಬ್ಬಿಣ, ಟಾನಿಕ್ಕಿಂದಲ್ಲ. ಅರ್ಧ ಹೇಳಿ ಎದ್ದುಹೋದ ತಪ್ಪು ನಂದು."

"ಸಮಾಧಾನಕ್ಕೆ ಹೇಳ್ಬೇಡ."

ಮಂಚದಿಂದ ಅಪ್ಪನ ತೊದಲು ಮಾತು ಕೇಳಿಸಿತು. "ಟಾನಿಕ್... ನಾನು ಕುಡೀಲೇ ಇಲ್ಲ."

ಇಬ್ಬರೂ ತಿರುಗಿದರು.

"ಬಾಯೆಲ್ಲ ತುಕ್ಕು ತುಕ್ಕು. ನೀನು ಆ ಕಡೆ ಹೋದ ತಕ್ಷಣ ಸಿಂಕಿಗೆ ಉಗೀತಿದ್ದೆ."

"ಹೇಳ್ಬಾರದಿತ್ತಾ ಅಪ್ಪ?"

"ಬೈತೀಯ ಅಂತ."

ತಮ್ಮ ನಕ್ಕುಬಿಟ್ಟ. ಅಕ್ಕನಿಗೂ ನಗು ಬಂತು. ಎದೆಯ ಮೇಲಿನ ಬಂಡೆ ಸರಿದಂತಾಯಿತು. ಆದರೆ ಆ ನಗು ಪೂರ್ತಿಯಾಗುವ ಮೊದಲೇ ಬೇರೊಂದು ಚುಚ್ಚಿತು. ಮನೆಯ ಯಜಮಾನನಾಗಿದ್ದ ಮನುಷ್ಯ ತನಗೆ ಹೆದರಿ, ಕಳ್ಳನ ಹಾಗೆ ಸಿಂಕಿನ ಮುಂದೆ ಬಗ್ಗಿ ನಿಲ್ಲುತ್ತಿದ್ದನೇ?

ಮಂಚದ ಅಂಚಿಗೆ ಕೂತು, ಎಷ್ಟೋ ದಿನಗಳ ಮೇಲೆ ಅವನ ಮುಖ ನೋಡಿದಳು. "ನಾನು ಅಷ್ಟೊಂದು ಬೈತೀನಾ ಅಪ್ಪ?"

"ಅಷ್ಟೇನಿಲ್ಲ" ಎಂದ ಅಪ್ಪ. ಹೇಳುವ ಮೊದಲು ಒಮ್ಮೆ ತಮ್ಮನ ಕಡೆ ನೋಡಿದ್ದ.