ರವಿಕೆ ಕಣದ ಕೋಟು

ದಿನವಿಡೀ ನಕಲು ತೆಗೆದೇ ಹೊಟ್ಟೆ ಹೊರೆಯುವ ಹೇಮಾಳಿಗೆ ಮೈಮೇಲೆ ಮಾತ್ರ ನಕಲು ಆಗಿಬರುತ್ತಿರಲಿಲ್ಲ. ಹೊನ್ನಾವರದಲ್ಲಿ ತಾಲೂಕು ಕಚೇರಿಯ ಹತ್ತಿರದ ಗಲ್ಲಿಯಲ್ಲಿ ಅವಳದು ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷದಿಂದ ಊರವರ ಆಧಾರ ಕಾರ್ಡು, ಪಹಣಿ, ಜಾತಿ ಸರ್ಟಿಫಿಕೇಟುಗಳನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಮಾಡುತ್ತ ಬಂದವಳು. ನಕಲಾದ ಮೇಲೆ ಮನುಷ್ಯರ ಮೂಗು ಹೇಗೆ ಕರಗುತ್ತದೆ, ಸರ್ಕಾರದ ಮೊಹರು ಹೇಗೆ ಮಸಿಯ ಮುದ್ದೆಯಾಗುತ್ತದೆ ಎಂಬುದನ್ನು ಅವಳಷ್ಟು ನೋಡಿದವರು ಆ ಗಲ್ಲಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಹಾಗಾಗಿ ಕುಮಟೆಯಲ್ಲಿರುವ ಓರಗಿತ್ತಿ ಮಹಾಲಕ್ಷ್ಮೀ ಮನೆಯವರ ವಾಟ್ಸಾಪ್ ಗುಂಪಿಗೆ ಎರಡು ಫೋಟೋ ಹಾಕಿದಾಗ ಹೇಮಾಳಿಗೆ ಮೈ ಉರಿಯಿತು. ಮೊದಲನೆಯದರಲ್ಲಿ ಮುಂಬೈಯ ಯಾವನೋ ದೊಡ್ಡ ಡಿಸೈನರ್ ಮಾಡಿದ ತುಂಡು ಬಟ್ಟೆಗಳ ಉದ್ದ ಕೋಟು. ಎರಡನೆಯದು ಅದರ ನಕಲು, ಭಟ್ಕಳದ ಒಂದು ಅಂಗಡಿಯದು. ನಕಲಿನಲ್ಲಿ ತುಂಡುಗಳೇ ಇರಲಿಲ್ಲ. ಒಂದೇ ಬಟ್ಟೆಯ ಮೇಲೆ ತುಂಡಿನ ಚಿತ್ರ ಒತ್ತಿದ್ದರು. ಮಗಳು ಪ್ರಣಿತಾಳ ರಿಸೆಪ್ಶನ್ನಿಗೆ ಸೀರೆಯ ಮೇಲೆ ತಾನು ಇದನ್ನೇ ಹಾಕುವುದಾಗಿ ಮಹಾಲಕ್ಷ್ಮೀ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲು: ಹೇಮಾಳ ಅಳತೆಯದೂ ಒಂದಿದೆ, ತೆಗೆದಿಡಲಾ, ಪಾಪ ಅವಳು ಹೇಗೂ ಅದೇ ನೇರಳೆ ಸೀರೆ ಉಟ್ಟು ಬರುವವಳು.

ನಲವತ್ತೊಂದು ಜನರ ಗುಂಪು ಅದು. ಆ 'ಪಾಪ'ವನ್ನು ನಲವತ್ತೊಂದೂ ಜನ ಓದಿದರು. ಹೇಮಾ ಹಿಂದೆಮುಂದೆ ನೋಡದೆ ಬರೆದಳು: "ನಕಲು ಬೇಡ ಅಕ್ಕ. ನಾನೇ ಮಾಡಿಸ್ಕಂಡು ಬತ್ತೆ."

ಬರೆದಾದ ಮೇಲೆ ಯೋಚನೆ ಹತ್ತಿತು. ಮಾಡಿಸಿಕೊಂಡು ಹೋಗುವುದು ಎಂತದನ್ನು? ಅದು ಬರೀ ಕೋಟಿನ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಆ ಮನೆಗೆ ಸೊಸೆಯಾಗಿ ಬಂದ ಹತ್ತೊಂಬತ್ತು ವರ್ಷದಿಂದ ಅವಳು ಎರಡನೇ ದರ್ಜೆಯವಳು. ಮನೆ ತುಂಬಿಸಿಕೊಂಡ ದಿನ ಅತ್ತೆ ಸಣ್ಣಮ್ಮ ಕೊಟ್ಟ ರವಿಕೆ ಕಣವೇ ಅದಕ್ಕೆ ಸಾಕ್ಷಿ. ಹಿರಿಸೊಸೆ ಮಹಾಲಕ್ಷ್ಮಿಗೆ ಜರಿಯ ರೇಷ್ಮೆ ಕೊಟ್ಟಿದ್ದರಂತೆ. ಹೇಮಾಳ ಉಡಿಗೆ ಬಿದ್ದದ್ದು ದೊರಗು ನೂಲಿನ, ಬಣ್ಣ ಮಾಸಿದ, ಪೆಟ್ಟಿಗೆಯ ವಾಸನೆ ಹೊಡೆಯುವ ಒಂದು ಕೆಂಪು ತುಂಡು. ಅವತ್ತಿನ ಅವಮಾನ ಮಾತ್ರ ಇನ್ನೂ ಮಾಸಿರಲಿಲ್ಲ. ಈ ಸಲವಾದರೂ ಆ ಮನೆಯವರೆಲ್ಲ ತನ್ನನ್ನು ಒಮ್ಮೆ ತಿರುಗಿ ನೋಡಬೇಕು, 'ಪಾಪ' ಅನ್ನಬಾರದು. ಅಷ್ಟೇ ಅವಳ ಆಸೆ.

ಅಸಲಿ ಕೋಟಿನ ಫೋಟೋವನ್ನು ಅವಳು ಅಂಗಡಿಯ ಕಲರ್ ಪ್ರಿಂಟರಿನಲ್ಲಿ ದೊಡ್ಡದು ಮಾಡಿ ತೆಗೆದಳು. ಈ ಒಂದು ನಕಲಿಗೆ ಮಾಫಿ ಎಂದು ತನಗೆ ತಾನೇ ಹೇಳಿಕೊಂಡಳು. ಕರೆಂಟು ಹೋದಾಗಲೆಲ್ಲ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಓದತೊಡಗಿದಳು, ವಕೀಲರು ಕ್ರಯಪತ್ರ ಓದಿದ ಹಾಗೆ. ತುಂಡುಗಳು ನೂರಾದರೂ ಬಣ್ಣ ಮಾತ್ರ ನಾಲ್ಕೈದೇ. ಒಳಗೆ ಉಟ್ಟದ್ದು ಒಂದೇ ಬಣ್ಣದ ಸಾದಾ ಸೀರೆ. ಕೊರಳಲ್ಲಿ ಏನೂ ಇಲ್ಲ. ಕೆಲವು ತುಂಡುಗಳ ಮೂಲೆಯಲ್ಲಿ ಪರದೇಶದ ಅಕ್ಷರ, ಅದು ಅಲಂಕಾರಕ್ಕೆ. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಜೇಬು. ಕೋಟು ತೊಟ್ಟ ಹುಡುಗಿ ಎರಡೂ ಕೈಯನ್ನು ಜೇಬಿಗೆ ಇಳಿಬಿಟ್ಟು, ಯಾರಿಗೂ ಉತ್ತರ ಕೊಡಬೇಕಾಗಿಲ್ಲದವಳ ಹಾಗೆ ನಿಂತಿದ್ದಳು. ಹೇಮಾಳಿಗೆ ಹೊಟ್ಟೆಕಿಚ್ಚಾಯಿತು.

ತುಂಡು ಬಟ್ಟೆಗೆ ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಹಳದೀಪುರದ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕಿನಲ್ಲಿ ಅರವತ್ಮೂರು ರವಿಕೆ ಕಣಗಳಿದ್ದವು. ಮದುವೆ, ಸೀಮಂತ, ಅರಿಶಿನ ಕುಂಕುಮ ಅಂತ ಹೋದಲ್ಲೆಲ್ಲ ಮುತ್ತೈದೆಗೆ ಒಂದು ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಮುಂದಿನ ಮುತ್ತೈದೆಗೆ ದಾಟಿಸುತ್ತಾರೆ. ದಾಟಿಸುವಾಗ ಎಡವಟ್ಟಾಗಿ ಕೊಟ್ಟವರಿಗೇ ವಾಪಸು ಹೋಗಬಾರದಲ್ಲ, ಅದಕ್ಕೆ ಹೇಮಾ ಒಂದು ಉಪಾಯ ಮಾಡಿಕೊಂಡಿದ್ದಳು. ಬಂದ ದಿನವೇ ಬಟ್ಟೆಯ ಒಳಮಡಿಕೆಯ ಮೂಲೆಯಲ್ಲಿ ಬಾಲ್ ಪೆನ್ನಿನಿಂದ ಸಣ್ಣಗೆ ಕೊಟ್ಟವರ ಹೆಸರು ಬರೆದಿಡುವುದು. ದಾಖಲೆ ಇಲ್ಲದೆ ಅವಳ ಕೈಯಲ್ಲಿ ಯಾವ ಕೆಲಸವೂ ಆಗುತ್ತಿರಲಿಲ್ಲ.

ಬಣ್ಣ ನೋಡಿ ಇಪ್ಪತ್ತೆರಡು ಕಣ ಆರಿಸಿದಳು. ಹಸಿರಿತ್ತು, ಹಳದಿಯಿತ್ತು, ಕಂದು ಇತ್ತು; ಮಾಸಿದ ಕೆಂಪೊಂದು ಕಡಿಮೆ ಬಿತ್ತು. ಟ್ರಂಕಿನ ತಳದಲ್ಲಿದ್ದ ಅತ್ತೆಯ ಕಣವನ್ನು ಮುಟ್ಟಲು ಮನಸ್ಸಿಲ್ಲದಿದ್ದರೂ ಬಣ್ಣ ಬೇಕಲ್ಲ ಎಂದು ಎಳೆದು ಹಾಕಿದಳು.

ಹಳದೀಪುರದ ಟೇಲರ್ ಮಾಬ್ಲೇಶ್ವರ ಒಳ್ಳೆಯ ಕೈ, ಆದರೆ ಅಳತೆ ಬಟ್ಟೆ ಇಲ್ಲದೆ ಕತ್ತರಿ ಎತ್ತದ ಮನುಷ್ಯ. ರವಿಕೆಗೆ ಹಳೇ ರವಿಕೆ, ಪ್ಯಾಂಟಿಗೆ ಹಳೇ ಪ್ಯಾಂಟು ಎದುರಿಗಿರಬೇಕು. ಹೇಮಾ ಫೋಟೋ ತೋರಿಸಿ, ಇದನ್ನೇ ಹಾಗೆಯೇ ಮಾಡುವುದು ಬೇಡ, ಇದರ ಐಡಿಯಾ ಮಾತ್ರ ತೆಗೆದುಕೊಳ್ಳಿ ಎಂದು ಅರ್ಧ ತಾಸು ವಿವರಿಸಿದಳು. ಅವನು ಕನ್ನಡಕ ಏರಿಸಿ ಪೂರ್ತಿ ಕೇಳಿದ.

"ಐಡಿಯಾ ಆತು. ಐಡಿಯಾದ ಅಳತೆ ಎಂತದು?" ಎಂದ.

ಮನೆಯಲ್ಲಿ ಕೋಟು ಎಂಬುದೇ ಇರಲಿಲ್ಲ. ಕೊನೆಗೆ ಗಂಡ ಉದಯ ಬೈಕಿಗೆ ಹಾಕುವ ರೇನ್‌ಕೋಟನ್ನು ತಂದುಕೊಟ್ಟಳು. ಮಾಬ್ಲೇಶ್ವರ ಅದನ್ನು ಮೇಜಿನ ಮೇಲೆ ಹಾಸಿ, ತೋಳು ಇಷ್ಟು ಸಣ್ಣ ಮಾಡುವ, ಸೊಂಟ ಅಷ್ಟು ಹಿಡಿಯುವ ಎಂದು ಸೀಮೆಸುಣ್ಣದಲ್ಲಿ ಗೀಚಿ, ತಲೆಗೆ ಟೋಪಿ ಬೇಕಾ ಎಂದು ಗಂಭೀರವಾಗಿಯೇ ಕೇಳಿದ. ಟೋಪಿ ಬೇಡ, ಜೇಬು ಬೇಕು, ಎರಡು, ಆಳವಾಗಿ ಎಂದಳು ಹೇಮಾ.

ಇವತ್ತು ನಾಳೆ ಎಂದು ಹದಿನೈದು ದಿನ ಎಳೆದು, ರಿಸೆಪ್ಶನ್ನಿನ ದಿನ ಮಧ್ಯಾಹ್ನ ಅವನು ಕೋಟನ್ನು ಇಸ್ತ್ರಿ ಮಾಡಿ ಮಡಚಿ ಚೀಲಕ್ಕೆ ಹಾಕಿ ಕೊಟ್ಟ. ಉದಯ ಬೆಳಿಗ್ಗೆಯೇ ಅಣ್ಣನ ಸಹಾಯಕ್ಕೆ ಕುಮಟೆಗೆ ಹೋಗಿದ್ದ. ಹೇಮಾ ಚೀಲ ಹಿಡಿದು ಹೊರಡುವಷ್ಟರಲ್ಲಿ ಹೆದ್ದಾರಿಯಲ್ಲಿ ಬಸ್ಸು ಕಾಣಿಸಿತು. ಹಿಂದಿನಿಂದ ಮಾಬ್ಲೇಶ್ವರ, ಬೆನ್ನಿಗೆ ಒಂದು ಕೆಲಸ ಜಾಸ್ತಿ ಮಾಡಿದ್ದೇನೆ, ಅದಕ್ಕೆ ದುಡ್ಡು ಬೇಡ ಎಂದು ಕೂಗಿ ಹೇಳಿದ. ಒಳ್ಳೆಯ ಮನುಷ್ಯ ಎಂದುಕೊಂಡು ಅವಳು ಬಸ್ಸು ಹತ್ತಿದಳು.

ಕುಮಟೆಯ ಕಲ್ಯಾಣಮಂಟಪದ ಹೆಂಗಸರ ಕೋಣೆಯಲ್ಲಿ ಇದ್ದದ್ದು ಅಂಗೈಯಗಲದ ಕನ್ನಡಿ. ನೇರಳೆ ಸೀರೆಯ ಮೇಲೆ ಗಡಿಬಿಡಿಯಲ್ಲಿ ಕೋಟು ಏರಿಸಿ ಎದುರಿನಿಂದ ಎಷ್ಟು ಕಂಡಿತೋ ಅಷ್ಟು ನೋಡಿಕೊಂಡಳು. ಚೆಂದವಿತ್ತು. ಸುಳ್ಳಲ್ಲ, ನಿಜಕ್ಕೂ ಚೆಂದವಿತ್ತು. ಜೇಬಿಗೆ ಎರಡೂ ಕೈ ಇಳಿಸಿ ಹೊರಗೆ ಬಂದಳು.

ಮೊದಲ ಅರ್ಧ ತಾಸು ಅವಳ ಜನ್ಮದಲ್ಲೇ ಒಳ್ಳೆಯ ಅರ್ಧ ತಾಸು. ಪ್ರಣಿತಾಳ ಗೆಳತಿಯರು ಸುತ್ತುಗಟ್ಟಿ ಎಲ್ಲಿಯದು, ಯಾವ ಬ್ರಾಂಡು ಎಂದು ಕೇಳಿದರು. ಉದಯ ಅನ್ನ ಬಡಿಸುವ ಪಾತ್ರೆ ಹಿಡಿದವನು ಹಾಗೇ ನಿಂತು, ತನ್ನ ರೇನ್‌ಕೋಟಿಗೆ ಇಂಥ ಬಣ್ಣಬಣ್ಣದ ಮರಿ ಹುಟ್ಟಿದ್ದು ಹೇಗೆಂದು ಬೆರಗಾದ. ಮಹಾಲಕ್ಷ್ಮೀ ತನ್ನ ಭಟ್ಕಳದ ಕೋಟನ್ನು ಎಳೆದು ಸರಿಮಾಡಿಕೊಳ್ಳುತ್ತ, ಪರವಾಗಿಲ್ಲ ಮಾರಾಯ್ತಿ ಎಂದಳು. ಅವಳ ಬಾಯಿಂದ ಪರವಾಗಿಲ್ಲ ಬಂದರೆ ಬೇರೆಯವರ ಬಾಯಿಂದ ಭೇಷ್ ಬಂದ ಹಾಗೆ.

ಆಮೇಲೆ ಹೇಮಾ ವಧೂವರರಿಗೆ ಹರಸುವ ಸಾಲಿನಲ್ಲಿ ನಿಂತಳು. ಅವಳ ಹಿಂದೆ ನಿಂತವರು ಗಂಗಿ ಚಿಕ್ಕಮ್ಮ, ಮಾವನ ತಮ್ಮನ ಹೆಂಡತಿ. ಸಾಲು ನಿಧಾನ, ಎದುರಿಗೆ ಹೇಮಾಳ ಬೆನ್ನು, ಓದುವುದಕ್ಕೆ ಬೇಕಾದಷ್ಟಿತ್ತು.

"ಇದೆಂತದೇ, ನಿನ್ನ ಬೆನ್ನ ಮೇಲೆ ಮಹಾಲಕ್ಷ್ಮಿ ಹೆಸರು?" ಎಂದರು ಚಿಕ್ಕಮ್ಮ.

ಮಾಬ್ಲೇಶ್ವರನ ಜಾಸ್ತಿ ಕೆಲಸ ಅದು. ಮುಂಬೈಯ ಕೋಟಿನ ಮೂಲೆಗಳಲ್ಲಿ ಅಕ್ಷರ ಕಂಡ, ಕಣಗಳ ಮೂಲೆಯಲ್ಲೂ ಅಕ್ಷರ ಕಂಡ. ಐಡಿಯಾ ಎಂದರೆ ಇದೇ ಎಂದುಕೊಂಡು ಹೆಸರಿದ್ದ ತುಂಡುಗಳನ್ನೆಲ್ಲ ಬೆನ್ನಿಗೆ ಜೋಡಿಸಿ, ಬಾಲ್ ಪೆನ್ನಿನ ಗೆರೆಯ ಮೇಲೆ ಬಿಳಿ ದಾರದಲ್ಲಿ ಒಂದೂ ತಪ್ಪದೆ ಹೊಲಿದಿದ್ದ. ಗಿಳಿಹಸಿರು ಕಣದ ಮೇಲೆ 'ಕುಮಟಾ ಅಕ್ಕ ಮಹಾಲಕ್ಷ್ಮೀ' ಎಂದು ಎಲ್ಲರಿಗೂ ಕಾಣುವಂತಿತ್ತು.

ಆ ಗಿಳಿಹಸಿರು ಚಿಕ್ಕಮ್ಮ ತಾವೇ ಇಳಕಲ್ಲಿಗೆ ಹೋದಾಗ ಆರಿಸಿ ತಂದು, ಪ್ರಣಿತಾಳ ತೊಟ್ಟಿಲ ದಿನ ಮಹಾಲಕ್ಷ್ಮಿಗೆ ಕೊಟ್ಟದ್ದಂತೆ. ಅದನ್ನು ಇವಳಿಗೆ ದಾಟಿಸಿದ್ದಾ ಎಂದು ಅವರು ವೇದಿಕೆಯ ಹತ್ತಿರವೇ ಮಹಾಲಕ್ಷ್ಮಿಯನ್ನು ತಡೆದು ಕೇಳಿದರು. ಮಹಾಲಕ್ಷ್ಮೀ ಕಡಿಮೆಯವಳಲ್ಲ. ಹೇಮಾಳ ಹೆಗಲು ಹಿಡಿದು ತಿರುಗಿಸಿ, ಜರಿಯಂಚಿನ ಹಳದಿ ಕಣಕ್ಕೆ ಬೆರಳಿಟ್ಟಳು. ಅದು ಮಹಾಲಕ್ಷ್ಮೀ ಚಿಕ್ಕಮ್ಮನ ಮನೆಯ ಅರವತ್ತರ ಶಾಂತಿಗೆ ಕೊಟ್ಟದ್ದು. ಈಗ ಅದರ ಮೇಲೆ 'ಗಂಗಿ ಚಿಕ್ಕಮ್ಮ' ಎಂದಿತ್ತು.

ಅಷ್ಟು ಸಾಕಾಯಿತು. ಊಟದ ಸಾಲಿನಿಂದಲೂ ಹೆಂಗಸರು ಎದ್ದು ಬಂದರು. ಕೋಟು ಮೈಮೇಲಿದ್ದ ಹಾಗೆಯೇ ಹೇಮಾಳನ್ನು ಆಚೆ ಈಚೆ ತಿರುಗಿಸಿ ತಂತಮ್ಮ ಕಣ ಹುಡುಕತೊಡಗಿದರು. ಯಾರು ಯಾರಿಗೆ ಕೊಟ್ಟದ್ದು ಯಾರ ಕೈದಾಟಿ ಇಲ್ಲಿ ಬಂದು ಬಿದ್ದಿದೆ ಎಂಬುದು ಒಂದೊಂದಾಗಿ ಹೊರಬಿತ್ತು. ಸಿಕ್ಕಿಬೀಳದವರು ಅಲ್ಲಿ ಇರಲಿಲ್ಲ. ಹಾಗಾಗಿ ಸ್ವಲ್ಪ ಹೊತ್ತಿಗೆ ಎಲ್ಲರೂ ಒಂದಾಗಿ ಹೇಮಾಳ ಮೇಲೆ ತಿರುಗಿದರು.

"ರವಿಕೆ ಕಣ ಯಾರಾದ್ರೂ ಹೊಲಿಸ್ತಾರನೇ?" ಎಂದಳು ಮಹಾಲಕ್ಷ್ಮೀ.

ಹೇಮಾಳಿಗೆ ಅಳು ಬಂತು. ಬೈಸಿಕೊಂಡದ್ದಕ್ಕಲ್ಲ. ಯಾರಿಗೂ ಬೇಡವಾದದ್ದೆಲ್ಲ ಕೊನೆಗೆ ಬಂದು ಬೀಳುವ ಜಾಗ ತನ್ನ ಟ್ರಂಕು ಎಂಬುದು ಅವಳಿಗೆ ಆಗ ತಿಳಿಯಿತು. ಎರಡನೇ ದರ್ಜೆ ಅಂದುಕೊಂಡಿದ್ದಳು, ಅದಕ್ಕೂ ಕೆಳಗೆ. ಕೋಟು ಬಿಚ್ಚಿ ಬಿಸಾಡಿ ಸಿಕ್ಕಿದ ಬಸ್ಸಿಗೆ ಹತ್ತಬೇಕು ಅನ್ನಿಸಿತು.

ಅಷ್ಟರಲ್ಲಿ ಮೊದಲ ಸಾಲಿನ ಕುರ್ಚಿಯಿಂದ ಸಣ್ಣಮ್ಮ ಎಂತ ಗಲಾಟೆ ಎಂದು ಕೇಳಿ ತಿಳಿದುಕೊಂಡರು. ವಯಸ್ಸು ಎಂಬತ್ತಮೂರು, ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಇಬ್ಬರೂ ಸೊಸೆಯರನ್ನು ಹತ್ತಿರ ಕರೆದು ಮೊದಲು ಮಹಾಲಕ್ಷ್ಮಿಯ ಕೋಟು ಸವರಿ ನೋಡಿದರು. ಇದರಲ್ಲಿ ಹೊಲಿಗೆಯೇ ಇಲ್ಲವಲ್ಲ, ತುಂಡೆಲ್ಲಿ ಎಂದರು. ಮಹಾಲಕ್ಷ್ಮೀ ಅದು ಪ್ರಿಂಟು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಹೇಮಾಳ ಕೋಟಿಗೆ ಕೈ ಇಟ್ಟು, ಒಂದೊಂದೇ ಹೊಲಿಗೆ ದಾಟುತ್ತ ಬಂದು, ಬಲಗಡೆಯ ಜೇಬಿನ ಹತ್ತಿರ ನಿಂತರು. ಜೇಬು ಆ ದೊರಗು ಕೆಂಪಿನದೇ ಆಗಿತ್ತು. ಗಟ್ಟಿ ಬಟ್ಟೆ ಎಂದು ಮಾಬ್ಲೇಶ್ವರ ಅದನ್ನೇ ಆರಿಸಿದ್ದ.

"ಈ ಕಣದ ಮೇಲೆ ಎಂತ ಬರದ್ದೆ?"

"ಅತ್ತೆ ಅಂತ," ಎಂದಳು ಹೇಮಾ.

"ನನ್ನ ಅವ್ವ ನನ್ನ ಮದುವೆ ದಿನ ಉಡಿಗೆ ಹಾಕಿದ್ದು ಇದು," ಎಂದರು ಸಣ್ಣಮ್ಮ. "ಅವಳ ಹತ್ರ ಇದ್ದದ್ದೇ ಇದೊಂದು. ನಾ ಹೊಲಿಸ್ಲಿಲ್ಲ, ಹರಿದೋಗ್ತದೆ ಅಂತ ಹೆದರಿಕೆ. ನಿಂಗೆ ಕೊಟ್ಟೆ."

ಮಹಾಲಕ್ಷ್ಮೀ ತನಗೆ ರೇಷ್ಮೆ ಕೊಟ್ಟದ್ದನ್ನು ನೆನಪಿಸಿದಳು.

"ಅದು ಅಂಗಡಿಯದ್ದು," ಎಂದರು ಸಣ್ಣಮ್ಮ.

ಹೇಮಾ ಅತ್ತೆಯ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಹತ್ತೊಂಬತ್ತು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಎಂದು ಕೇಳಿದಳು. ನೀನು ಕೇಳಲಿಲ್ಲ, ಯಾರಿಗಾದರೂ ದಾಟಿಸಿರಬಹುದು ಎಂದು ನಾನೂ ಕೇಳಲಿಲ್ಲ ಎಂದರು ಮುದುಕಿ. ಹೇಮಾಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಮೂಗೂ ಸೋರಿತು. ಅದನ್ನು ಯಾರಿಗೂ ದಾಟಿಸದೆ ಇದ್ದದ್ದು ಪ್ರೀತಿಯಿಂದಲ್ಲ, ಕೊಡುವುದಕ್ಕೆ ಮರ್ಯಾದೆಯಾಗುತ್ತಿರಲಿಲ್ಲ ಎಂಬ ಸತ್ಯವನ್ನು ಮಾತ್ರ ಹೇಳಲಿಲ್ಲ.

ಸಣ್ಣಮ್ಮ ಅಷ್ಟರಲ್ಲಿ ಜೇಬಿನ ಬಾಯಿ ಹುಡುಕಿ ಕೈ ಒಳಗೆ ಇಳಿಸಿದ್ದರು. ಜನ್ಮವಿಡೀ ಸೊಂಟದ ಗಂಟಿನಲ್ಲೇ ಎಲ್ಲವನ್ನೂ ಸಿಕ್ಕಿಸಿಕೊಂಡವರು. ಜೇಬಿನೊಳಗೆ ಕೈ ಹೋದದ್ದು ಇದೇ ಮೊದಲು. ಬೆಚ್ಚಗದೆ ಎಂದರು. ಫೋಟೋದವನು ಬಂದು ಅಜ್ಜಿ ಕೈ ತೆಗೆಯಿರಿ ಎಂದರೂ ತೆಗೆಯಲಿಲ್ಲ. ಮನೆಯವರೆಲ್ಲ ಇರುವ ದೊಡ್ಡ ಫೋಟೋದಲ್ಲಿ ಅತ್ತೆಯ ಕೈ ಹಾಗೆಯೇ ಇದೆ, ಕಿರಿಸೊಸೆಯ ಜೇಬಿನಲ್ಲಿ.

ಹೊರಡುವಾಗ ಬಾಗಿಲಲ್ಲಿ ಮಹಾಲಕ್ಷ್ಮೀ ಮುತ್ತೈದೆಯರಿಗೆ ಕುಂಕುಮ ಕೊಡುತ್ತಿದ್ದಳು. ಪಕ್ಕದಲ್ಲಿ ಕಣಗಳ ರಾಶಿ. ಅವತ್ತು ಪ್ರತಿಯೊಬ್ಬರೂ ತಮ್ಮದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಮೂಲೆ ನೋಡಿಯೇ ಮುಂದೆ ಹೋದರು. ಹೇಮಾಳ ಸರದಿ ಬಂದಾಗ ಮಹಾಲಕ್ಷ್ಮೀ ರಾಶಿಗೆ ಕೈ ಹಾಕಲಿಲ್ಲ. ಒಳಗೆ ಹೋಗಿ, ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಒಂದು ಕಣ ತಂದಳು.

"ಪೆನ್ ಅದ್ಯನೇ?" ಎಂದು ಕೇಳಿದಳು.

ಹೇಮಾ ಎಡಗಡೆಯ ಜೇಬಿನಿಂದ ಬಾಲ್ ಪೆನ್ ತೆಗೆದು ಕೊಟ್ಟಳು. ಮಹಾಲಕ್ಷ್ಮೀ ಕಣದ ಮೂಲೆಯನ್ನು ಅಂಗೈ ಮೇಲೆ ಹರಡಿಕೊಂಡು ತನ್ನ ಹೆಸರನ್ನು ತಾನೇ ಬರೆದಳು. ಸ್ವಲ್ಪ ಯೋಚಿಸಿ ಅದರ ಕೆಳಗೆ ಇನ್ನೊಂದು ಸಾಲು ಬರೆದು, ಮಡಚಿ, ಹೇಮಾಳ ಕೈಗೆ ಕೊಡದೆ ನೇರ ಜೇಬಿಗೇ ಹಾಕಿದಳು. ಬಸ್ಸಿನಲ್ಲಿ ಕುಳಿತು ಹೇಮಾ ಅದನ್ನು ಬಿಚ್ಚಿ ಓದಿದಳು.

'ಹೊಸತು. ದಾಟಿಸಬೇಡ. ಹೊಲಿಸು.'